ಸೌಟಿನ ಸದ್ದು

ಅತ್ತೆ ಸೌಟಿನಿಂದ ಅಡುಗೆಮನೆ ಕಿಟಕಿಯ ಕಂಬಿಗೆ ಮೂರು ಸಲ ತಟ್ಟಿದರು. ಹೊರಗಿನ ಮಬ್ಬಿನೊಳಗಿಂದ ಮೂರು ತಟ್ಟು ವಾಪಸು ಬಂತು. ಅಳತೆ ಹಿಡಿಯುತ್ತಿದ್ದ ಗಾರೆಯವನ ಕೈಯಿಂದ ಟೇಪು ಜಾರಿತು.

“ಕೇಳಿಸ್ತಲ್ಲ?” ಸೊಸೆ ಪಿಸುಗುಟ್ಟಿದಳು. “ಎದುರಿನ ಕಿಟಕಿ ಅತ್ತೆಯ ಗೆಳತೀದು. ಅವರು ತೀರಿಕೊಂಡು ಏಳು ತಿಂಗಳಾಯ್ತು. ಮನೆಗೆ ಬೀಗ ಬಿದ್ದಿದೆ. ನಾಳೇನೇ ಇದನ್ನ ಮುಚ್ಚಿಬಿಡಿ.”

ಆ ಕಟ್ಟಡದ ನಕ್ಷೆ ಬರೆದ ಪುಣ್ಯಾತ್ಮನಿಗೆ ನೆರೆಹೊರೆಯೆಂದರೆ ಅಲರ್ಜಿಯಿರಬೇಕು. ಒಂದು ಬಾಗಿಲಿಗೆ ಇನ್ನೊಂದು ಬಾಗಿಲು ಕಾಣದು. ಹತ್ತು ವರ್ಷ ಇದ್ದವರಿಗೂ ಕೆಳಗಿನ ಮನೆಯವರ ಮುಖದ ಗುರುತಿಲ್ಲ. ಅಡುಗೆಮನೆಯ ಕಿಟಕಿಗಳು ಮಾತ್ರ, ಹೊಗೆ ಹೋಗಲೆಂದು, ಕಟ್ಟಡದ ನಡುವಿನ ಬಾವಿಯಂಥ ಸಂದಿಗೆ ತೆರೆದಿದ್ದವು. ಗೆಳತಿಯರಿಬ್ಬರೂ ಅಲ್ಲೇ ಪರಿಚಯವಾದವರು. ಅಡುಗೆಯಾದಾಗ ತಟ್ಟುವುದು, ಉತ್ತರ ಬಂದ ಮೇಲೆಯೇ ಉಣ್ಣುವುದು. ಅದು ಅವರ ಕರಾರು. ಅತ್ತೆ ಅದನ್ನು ಇನ್ನೂ ಮುರಿದಿರಲಿಲ್ಲ.

ಮರುದಿನ ಊಟದ ಹೊತ್ತಿಗೆ ಮುಂಚೆಯೇ ಇಟ್ಟಿಗೆ ಕೊನೆಯ ಸಾಲಿಗೆ ಬಂತು. ಗಾರೆಯವನು ಸಂದಿಯತ್ತ ಕಣ್ಣೆತ್ತಲಿಲ್ಲ.

“ಪಾಪ, ಒಂಟಿ ಜೀವ. ಇನ್ನು ಹೇಗೆ ಉಣ್ಣುತ್ತೋ ಏನೋ,” ಎಂದರು ಅತ್ತೆ.

“ಸತ್ತವರಿಗೆ ಹಸಿವಿಲ್ಲಮ್ಮ.”

ಅತ್ತೆ ಅವನನ್ನು ವಿಚಿತ್ರವಾಗಿ ನೋಡಿದರು.

ಊಟದ ಹೊತ್ತಿಗೆ ಅವರು ಹಸಿ ಗೋಡೆಗೇ ಸೌಟು ತಟ್ಟಿದರು. ಕಿವಿಗೊಟ್ಟು ನಿಂತರು. ಏನೂ ಬರಲಿಲ್ಲ. ತಟ್ಟೆ ಮುಚ್ಚಿಟ್ಟು ಹೋಗಿ ಮಲಗಿಬಿಟ್ಟರು.

“ನಾಲ್ಕು ದಿನ ಹೀಗೇ, ಆಮೇಲೆ ಸರಿಹೋಗ್ತಾರೆ,” ಎಂದಳು ಸೊಸೆ. ಅವಳ ಕಣ್ಣೂ ಒದ್ದೆಯಾಗಿತ್ತು.

ಇಲ್ಲಿಂದ ಪಾರಾದರೆ ಸಾಕೆಂದು ಗಾರೆಯವನು ದಡದಡ ಮೆಟ್ಟಿಲಿಳಿದ. ಕೆಳಗಿನ ಮಹಡಿಯ ಮನೆಯವನು ಅವನ ಕೈಯಲ್ಲಿದ್ದ ಕರಣೆ ನೋಡಿ ತಡೆದ.

“ನಮ್ಮ ಅಡುಗೆಮನೆ ಕಿಟಕೀನೂ ಮುಚ್ಚಿಕೊಡ್ತೀರಾ? ನಮ್ಮಮ್ಮ ಊಟಕ್ಕೆ ಕರೀತಿದ್ದಿದ್ದು ಸೌಟು ತಟ್ಟಿ. ಅವರು ಹೋದ್ಮೇಲೂ ದಿನಾ ಆ ಸದ್ದು ಬರುತ್ತೆ. ಅಪ್ಪ ಉತ್ತರ ಬೇರೆ ಕೊಡ್ತಾರೆ. ಹೆದರಿಕೆ ಆಗುತ್ತೆ ಕಣ್ರೀ.”

ಒಳಗೆ ಮುದುಕರೊಬ್ಬರು ಕಿಟಕಿಯ ಪಕ್ಕ ಸೌಟು ಹಿಡಿದು ಕೂತಿದ್ದರು. ಮುಂದಿದ್ದ ಊಟ ಆರಿಹೋಗಿತ್ತು.

“ಇವತ್ತು ಅವಳು ಕರೀಲೇ ಇಲ್ಲ ಕಣಪ್ಪ,” ಎಂದರು.

ಗಾರೆಯವನು ತಿರುಗಿ ಮೆಟ್ಟಿಲು ಹತ್ತತೊಡಗಿದ. ಮೇಲಿನ ಗೋಡೆ ಇನ್ನೂ ಹಸಿಯಾಗಿತ್ತು.