ಹೋದ ವರ್ಷದ ಮಳೆ

ನೀಲವ್ವ ಕಣದ ತುಂಬ ಕೆಂಪು ಮೆಣಸಿನಕಾಯಿ ಒಣಹಾಕಿದ್ದಳು. ಅಷ್ಟರಲ್ಲಿ ಬೆಳೆವಿಮೆಯ ಏಜೆಂಟ್ ಮೈಲಾರಿ ಮೋಡವೊಂದನ್ನು ಹಗ್ಗದಿಂದ ಬೈಕಿಗೆ ಕಟ್ಟಿಕೊಂಡು ಬಂದ.

"ಅಕ್ಕಾರ, ಹೋದ ವರ್ಷ ನಿಮ್ಮ ಹೊಲಕ್ಕ ಬರಲಾರದ ಮಳಿ ಇದು. ಪರಿಹಾರ ಮಂಜೂರಾಗೇತಿ. ಎಲ್ಲಿ ಸುರೀಲಿ?"

"ಈಗ ಸುರದ್ರ ಕಾಯೆಲ್ಲ ಕೊಳೀತಾವೋ ತಮ್ಮಾ. ವಾಪಸ್ ಒಯ್ಯಿ."

"ವಾಪಸ್ ತಗೊಳ್ಳಂಗಿಲ್ರಿ. ಇವತ್ತ ಖಾಲಿ ಮಾಡಬೇಕು."

ಮೋಡ ಆಗಲೇ ಗುಡುಗತೊಡಗಿತ್ತು. ನೀಲವ್ವ ಒಳಗೆ ಓಡಿ, ಹೋದ ವರ್ಷ ನಷ್ಟ ತೋರಿಸಲು ತೆಗೆಸಿದ್ದ ಫೋಟೊ ತಂದಳು. ಅದರಲ್ಲಿ ಅವಳ ಹೊಲ ಒಣಗಿ ನಿಂತಿತ್ತು.

"ಹೋದ ವರ್ಷದ ಮಳಿ ಹೌದಲ್ಲೋ? ಹೋದ ವರ್ಷದ ಹೊಲಕ್ಕ ಸುರಿ."

ಮೈಲಾರಿ ನಿಯಮ ನೆನೆಸಿಕೊಂಡು ತಲೆಯಾಡಿಸಿದ. ಮೋಡವನ್ನು ಫೋಟೊದೊಳಕ್ಕೆ ಹಿಂಡಿ ಹೋದ.

ಕಣಕ್ಕೆ ಒಂದು ಹನಿಯೂ ತಾಗಲಿಲ್ಲ. ಫೋಟೊದಲ್ಲಿ ಬಾಡಿದ್ದ ಗಿಡಗಳು ಒಂದೊಂದಾಗಿ ತಲೆಯೆತ್ತಿದವು. ನೀಲವ್ವ ಅದನ್ನು ಗೋಡೆಗೆ ತೂಗುಹಾಕಿ, ಅದರಿಂದ ನೀರು ಸೋರುತ್ತಿದ್ದ ಕಡೆ ಒಂದು ಬೋಗಾಣಿ ಇಟ್ಟಳು.