ಎಡಗಾಲಿನ ಪ್ರಶ್ನೆ

‘ಜೋಡಿ ಜಾಣರು’ ಟೀವಿ ಆಟದಲ್ಲಿ ಬುಧವಾರ ಗೊಂಬೆಗಳ ಸರದಿ. ರಾಣಿಗೊಂಬೆ ಪದ್ಮಾಂಬೆ ಕುರ್ಚಿಯಲ್ಲಿ ಕುಳಿತು, ಮೂಗುತಿ ಸರಿಮಾಡೆಂದು ಮೇಕಪ್ಪಿನವಳಿಗೆ ಹೇಳುತ್ತಿದ್ದಳು. ಅವಳ ಲಂಗದ ಕೆಳಗೆ ಕಾಲಿಲ್ಲ. ಅವಳನ್ನು ಕುಣಿಸುವ ಕೆಂಚೀರಯ್ಯ ಹೊರಗಿನ ಮಾತು ಕೇಳಿಸದ ಗಾಜಿನ ಕೋಣೆಯಲ್ಲಿದ್ದ. ಅವನ ಬಗ್ಗೆ ಕೇಳುವ ಪ್ರಶ್ನೆಗಳಿಗೆ ಅವಳು ಹೇಳುವ ಉತ್ತರ, ಅವನು ಮೊದಲೇ ಸ್ಲೇಟಿನಲ್ಲಿ ಬರೆದಿಟ್ಟ ಉತ್ತರಕ್ಕೆ ಹೊಂದಬೇಕು. ಅವನ ಹೆಂಡತಿ ನಿಂಗಾಜಮ್ಮ ಪ್ರೇಕ್ಷಕರ ಮೊದಲ ಸಾಲಿನಲ್ಲಿದ್ದಳು. ಹೋದ ವಾರ ಗಂಡನ ಜೊತೆ ಆಡಿ ಸೋತಿದ್ದ ಅವಳಿಗೆ ಈ ಗೊಂಬೆಯೂ ಸೋಲಲಿ ಎಂಬ ಆಸೆ. ಪದ್ಮಾಂಬೆಯ ಒಂದು ಉತ್ತರವೂ ಇನ್ನೂ ತಪ್ಪಿರಲಿಲ್ಲ.

“ಕೊನೆಯ ಪ್ರಶ್ನೆ,” ಎಂದಳು ನಿರೂಪಕಿ. “ಕೆಂಚೀರಯ್ಯನವರಿಗೆ ಯಾವ ಕಾಲು ನೋವು?”

“ಬಲಗಾಲು,” ಎಂದು ನಿಂಗಾಜಮ್ಮ ಪಕ್ಕದವರಿಗೆ ಪಿಸುಗುಟ್ಟಿದಳು.

“ಎಡಗಾಲು,” ಎಂದಳು ಪದ್ಮಾಂಬೆ. “ಪರದೆ ಹಿಂದೆ ಗೆಜ್ಜೆ ಕಟ್ಕೊಂಡು ಕುಣಿಯೋರು ಅವರು, ಹೆಸರು ಮಾತ್ರ ನಂದು. ಅವರು ಎಡಗಾಲು ಎಳೆದರೆ ನಾನೂ ವಾಲ್ತೀನಿ.”

ಕೆಂಚೀರಯ್ಯ ಹೊರಬಂದು, ತಾನು ಬರೆದ ಸ್ಲೇಟು ಎತ್ತಿ ತೋರಿಸಿದ. ಎಡಗಾಲು. ಚಪ್ಪಾಳೆಯ ನಡುವೆ ನಿಂಗಾಜಮ್ಮ ಎದ್ದು ನಿಂತಳು.

“ಮತ್ತೆ ದಿನಾ ಬಲಗಾಲಿಗೆ ಎಣ್ಣೆ ಉಜ್ಜುಸ್ಕತಿದ್ರಲ್ಲ?”

“ಮೊದಲ್ನೆ ದಿನ ನೀನು ಆ ಕಾಲ್ನೇ ಹಿಡ್ಕಂಡೆ ಕಣೆ. ಬುಡು ಅನ್ನಕ್ಕೆ ಮನ್ಸು ಬರ್ನಿಲ್ಲ.”

ನಿಂಗಾಜಮ್ಮ ಸೆರಗು ಸರಿಮಾಡಿಕೊಂಡು ಕುಳಿತಳು.

ಪದ್ಮಾಂಬೆ ನಿರೂಪಕಿಯತ್ತ ತಿರುಗಿ, “ಎಣ್ಣೆ ಯಾವ ಕಾಲಿಗೆ ಅಂತ ನೀವು ಕೇಳಿದ್ದಿದ್ರೆ ನಾನೂ ಸೋತೋಗ್ತಿದ್ದೆ,” ಎಂದಳು.