ಮಡುವಿನ ಪೆಟ್ಟಿಗೆ

"ಹಗ್ಗ ಬಿಟ್ರೆ ಹೋಯ್ತು ಭಾವ, ನಿಧಿ ಹೊಳೆ ಪಾಲು," ಎಂದ ದರ್ಜಿ. ಸೊಂಟಮಟ್ಟದ ನೀರಿನಲ್ಲಿ ನಿಂತಿದ್ದ ಬಡಗಿ ಹಲ್ಲು ಕಚ್ಚಿ ಎಳೆದ. ಬೆನ್ನು ಲಟಕ್ಕೆಂದಿತು. ಪೆಟ್ಟಿಗೆ ಮಾತ್ರ ಜಪ್ಪಯ್ಯ ಅಂದರೂ ಅಲುಗಲಿಲ್ಲ.

ಕಾಡಿನೊಳಗಿನ ಈ ಮಡುವಿಗೆ ಅವರು ಬಂದದ್ದು ಮೀನಿಗೆ. ಗಾಳಕ್ಕೆ ಸಿಕ್ಕಿದ್ದು ದರ್ಜಿಯ ಟೋಪಿ, ಬಡಗಿಯ ಪ್ಯಾಂಟಿನ ಹಿಂಭಾಗ, ಆಮೇಲೆ ಒಂದು ಮುಳ್ಳುಪೊದೆ. ಬುತ್ತಿಗೆ ಇರುವೆ ಮುತ್ತಿತ್ತು. ಮನೆಗೆ ಹೋಗೋಣವೆಂಬ ಮಾತು ಇಬ್ಬರ ನಾಲಗೆಯ ತುದಿಯಲ್ಲೂ ಇತ್ತು. ಯಾಕೋ ಯಾರೂ ಆಡಲಿಲ್ಲ.

ಬಡಗಿಗೆ ಈಗ ಯಾವುದರಲ್ಲೂ ಹುರುಪಿರಲಿಲ್ಲ. ಬೆಂಕಿಗೆ ತನ್ನ ಮರಗೆಲಸದ ಕಾರ್ಖಾನೆ ಆಹುತಿಯಾದಾಗಿನಿಂದ ಗೋಡೆ ನೋಡುತ್ತ ಕೂತಿರುತ್ತಿದ್ದ. ಅವನ ಹೆಂಡತಿಯ ತಮ್ಮ ಈ ದರ್ಜಿ. ಅವನ ಪಾಡೂ ಅಷ್ಟಕ್ಕಷ್ಟೆ. ತನ್ನ ಹೆಂಡತಿ ತೀರಿಕೊಂಡ ಮೇಲೆ ದರ್ಜಿ ಹೊಲಿಗೆ ಯಂತ್ರಕ್ಕೆ ಮುಚ್ಚಿದ ಬಟ್ಟೆ ತೆಗೆದಿರಲಿಲ್ಲ. ಅಂಥವನು, ಪೆಟ್ಟಿಗೆಯ ಹಿಡಿಯ ಬಳೆ ಗಾಳಕ್ಕೆ ಸಿಕ್ಕಿದ್ದೇ ತಡ, ಮಗುವಿನಂತೆ ಕುಣಿದಿದ್ದ. ದರೋಡೆಕೋರರು ಬಚ್ಚಿಟ್ಟದ್ದೆಂದು ಕಥೆ ಕಟ್ಟಿದ್ದ. ಬಡಗಿ ಹೂಂಗುಟ್ಟಿದ್ದ.

ಮಧ್ಯಾಹ್ನ ಹಗ್ಗ ಜಾರಿತು. ಪೆಟ್ಟಿಗೆ ಇನ್ನೂ ಆಳಕ್ಕೆ ಉರುಳಿತು. ಹಿಡಿಯಹೋದ ದರ್ಜಿಯ ಕಾಲು ತಪ್ಪಿ, ಸೆಳವು ಅವನನ್ನು ಎಳೆದೊಯ್ದಿತು. ಬಡಗಿ ಅವನ ಕಾಲರಿಗೆ ಕೈಹಾಕಿ ಬಂಡೆಗೆ ತಂದು ಕೆಡವಿದ. ಇಬ್ಬರೂ ಕೆಮ್ಮುತ್ತ ಅಂಗಾತ ಬಿದ್ದರು.

"ಸಾಕು ಅನ್ಸುತ್ತಾ?" ಬಡಗಿ ಕೇಳಿದ.

"ನಿಮಗೆ?"

"ನನಗೇನಿಲ್ಲಪ್ಪ. ನಿನಗೋಸ್ಕರ ಕೇಳ್ದೆ."

"ಹಾಗಾದ್ರೆ ಎಳೆಯೋಣ," ಎಂದು ದರ್ಜಿ ನಿಟ್ಟುಸಿರುಬಿಟ್ಟು ಎದ್ದ.

ಇಳಿಹೊತ್ತಿಗೆ ಪೆಟ್ಟಿಗೆ ದಡ ಸೇರಿತು. ಬಡಗಿ ಕಲ್ಲಿನಿಂದ ಬೀಗ ಒಡೆದ. ಒಳಗಿದ್ದದ್ದು ಇಟ್ಟಿಗೆ. ಬರೀ ಇಟ್ಟಿಗೆ. ಇಬ್ಬರೂ ಮುಖ ಮುಖ ನೋಡಿಕೊಂಡರು. ಮೊದಲು ನಕ್ಕವರು ಯಾರೋ ತಿಳಿಯದು. ನಗು ನಿಲ್ಲುವ ಹೊತ್ತಿಗೆ ಕಣ್ಣಲ್ಲಿ ನೀರಿತ್ತು, ಮೈಯಲ್ಲಿ ತ್ರಾಣವಿರಲಿಲ್ಲ.

ಮನೆಗೆ ಬಂದು ಕೈಕಾಲು ತೊಳೆದ ಬಡಗಿ ಅಡುಗೆಮನೆಯ ಗೋಡೆಗೊರಗಿ ಕುಸಿದು ಕೂತ. ಹೆಂಡತಿ ಒಬ್ಬಳೇ ಇದ್ದಳು.

"ನಿನ್ನ ತಮ್ಮ ಇವತ್ತು ನಕ್ಕ ಕಣೇ. ಆಳುಗಳ ಕೈಲಿ ಪೆಟ್ಟಿಗೆ ಮುಳುಗಿಸಿದ್ದು ನೀನೇ ಅಂತ ನಾನು ಬಾಯಿ ಬಿಡ್ಲಿಲ್ಲ. ಪಾಪ, ಅವನು ಒಂದಿನ ಎದ್ದು ಓಡಾಡ್ಲಿ ಅಂತ ಬೆನ್ನು ಮುರ್ಕೊಂಡೆ."

ಅವಳು ಅವನ ಬೆನ್ನಿಗೆ ಎಣ್ಣೆ ತಿಕ್ಕತೊಡಗಿದಳು. ಭಾವ ಇವತ್ತು ನಕ್ಕರು, ಪೆಟ್ಟಿಗೆ ನಿನ್ನದೇ ಅಂತ ನಾನು ಬಾಯಿ ಬಿಡಲಿಲ್ಲ ಎಂದು ಅವಳಿಗೆ ಹೇಳಿ, ಬಡಗಿ ಕೈಕಾಲು ತೊಳೆಯುತ್ತಿದ್ದಾಗಲೇ ಅವಳ ತಮ್ಮ ಹಿತ್ತಲ ಬಾಗಿಲಿನಿಂದ ಕುಂಟುತ್ತ ಹೋಗಿದ್ದ.